ಕಂಪ್ಯೂಟರಿನ ವಿದ್ಯುತ್ ಪೂರಕ: ಅದರ ದಕ್ಷತೆ ಮತ್ತು ಸದ್ದುಗಳ ಪರೀಕ್ಷೆ

ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಸಾಸ್ವೆಹಳ್ಳಿ ಒಂದು ಹೋಬಳಿಯ ಮುಖ್ಯಗ್ರಾಮ. ಸುತ್ತಣ ಸೀಮೆ ಬತ್ತದ ಗದ್ದೆಗಳದು, ಅಡಕೆಯ ತೋಟಗಳದು, ಅವುಗಳಿಗೆ ನೀರೆತ್ತುವ ಪಂಪುಸೆಟ್ಟುಗಳದು. ಇಂಥ ಊರಿನಲ್ಲಿಯೂ ಗಣಕಯಂತ್ರ, ಅಂದರೆ ಕಂಪ್ಯೂಟರು, ಈಗ ಕೌತುಕದ ವಸ್ತುವಾಗಿ ಉಳಿದಿಲ್ಲ. ೨೦೦೧ರ ವೇಳೆಗೆ ‘ಭೂಮಿ’ ಯೋಜನೆಯು ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ೨೦೦೬ರಲ್ಲಿ ಮೊದಲಾದ ‘ನೆಮ್ಮದಿ’ ಕೇಂದ್ರಗಳು ಈ ಯಂತ್ರವನ್ನು ಹೋಬಳಿಯ ಮಟ್ಟಕ್ಕೆ ಇಳಿಸಿದುವು. ೨೦೧೨ರ ತರುವಾಯ ಆ ಕೆಲಸ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಗೆ ಬಂದಿತು. ಆದಾಯದ ಪ್ರಮಾಣಪತ್ರವಾಗಲಿ ಪಹಣಿಯ ಪ್ರತಿಯಾಗಲಿ ಬೇಕಾದ ರೈತನು ಇಂದು ಗುಮಾಸ್ತನ ಬರವಣಿಗೆಯನ್ನಲ್ಲ, ಯಂತ್ರದ ನಡಿಗೆಯನ್ನು ನಂಬಿ ಸಾಲಿನಲ್ಲಿ ನಿಲ್ಲುತ್ತಾನೆ. ಯಂತ್ರವು ನಿಂತಿತೆಂದರೆ ಅವನ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ವ್ಯರ್ಥ.

ಯಂತ್ರದ ಬೆನ್ನಿನಲ್ಲಿ, ಇಟ್ಟಿಗೆಗಿಂತ ತುಸು ದೊಡ್ಡದಾದ ಒಂದು ತಗಡಿನ ಪೆಟ್ಟಿಗೆಯಿರುತ್ತದೆ. ಗೋಡೆಯಿಂದ ಬರುವ ೨೩೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ೧೨, ೫ ಮತ್ತು ೩.೩ ವೋಲ್ಟುಗಳ ಏಕಮುಖ ಪ್ರವಾಹವಾಗಿ ಮಾರ್ಪಡಿಸಿ ಒಳಗಿನ ಅಂಗಗಳಿಗೆ ಹಂಚುವುದೇ ಅದರ ಕೆಲಸ. ಇಂಗ್ಲಿಷಿನಲ್ಲಿ ‘ಪವರ್ ಸಪ್ಲೈ’ ಎನ್ನುವ ಈ ಪೆಟ್ಟಿಗೆಯನ್ನು ಇಲ್ಲಿ ‘ವಿದ್ಯುತ್ ಪೂರಕ’ವೆಂದೂ, ಸಂಕ್ಷೇಪವಾಗಿ ‘ಪೂರಕ’ವೆಂದೂ ಕರೆದಿದ್ದೇವೆ. ಕೊಳ್ಳುವಾಗ ಇದರ ವಿಷಯವನ್ನು ವಿಚಾರಿಸುವವರು ವಿರಳ. ವಿಚಾರಿಸಿದವರಿಗೂ ಅಂಗಡಿಯಲ್ಲಿ ದೊರೆಯುವ ಉತ್ತರವೆಂದರೆ ಹಣೆಪಟ್ಟಿಯ ಮೇಲಿನ ಎರಡು ಅಂಕೆಗಳು: ಇಷ್ಟು ವ್ಯಾಟು, ಇಷ್ಟು ಶೇಕಡಾ ದಕ್ಷತೆ. ಆ ಅಂಕೆಗಳು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅವು ಎಲ್ಲಿ ಅಳೆಯಲ್ಪಟ್ಟುವೋ ಅಲ್ಲಿನ ಸತ್ಯಗಳು. ಸಾಸ್ವೆಹಳ್ಳಿಯ ವೋಲ್ಟೇಜಿನಲ್ಲಿ, ಅಲ್ಲಿನ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಕಚೇರಿಯ ಕಂಪ್ಯೂಟರು ನಿಜವಾಗಿ ಬೇಡುವ ಸಣ್ಣ ಹೊರೆಯಲ್ಲಿ ಅವೇ ಅಂಕೆಗಳು ನಿಲ್ಲುವುವೆಂದು ನಂಬಲು ಆಧಾರವಿಲ್ಲ, ಅಳೆದೇ ತಿಳಿಯಬೇಕು. ಅಳೆಯಲು ಬೇಕಾದ ಸಲಕರಣೆಗಳು ಬಹುಮಟ್ಟಿಗೆ ನಮ್ಮ ಪದವಿ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಶಾಲೆಗಳಲ್ಲಿ ಈಗಾಗಲೇ ಇವೆ. ಅವುಗಳನ್ನು ಬಳಸುವ ಬಗೆಯನ್ನೂ, ಬಳಸುವಾಗ ಕಾಲು ಜಾರುವ ಸ್ಥಳಗಳನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಪೆಟ್ಟಿಗೆಯ ಒಳಗೆ ನಡೆಯುವುದೇನೆಂಬುದನ್ನು ಎರಡು ಮಾತಿನಲ್ಲಿ ನೋಡೋಣ. ಹಳೆಯ ಕ್ರಮದ ಪೂರಕದಲ್ಲಿ ಭಾರವಾದ ಕಬ್ಬಿಣದ ಪರಿವರ್ತಕವೊಂದು ವೋಲ್ಟೇಜನ್ನು ಇಳಿಸುತ್ತಿತ್ತು. ಹೆಚ್ಚಾಗಿ ಉಳಿದ ವೋಲ್ಟನ್ನು ಒಂದು ಟ್ರಾನ್ಸಿಸ್ಟರು ಬಿಸಿಯಾಗಿ ಸುಟ್ಟುಹಾಕುತ್ತಿತ್ತು. ಪಡೆದ ಶಕ್ತಿಯಲ್ಲಿ ಅರ್ಧದಷ್ಟು ಹೀಗೆ ಹೋಗುವುದು ಅಲ್ಲಿ ಅಪರೂಪವಾಗಿರಲಿಲ್ಲ. ಈಗಿನ ಪೂರಕಗಳು ಬೇರೆಯ ಹಾದಿ ಹಿಡಿದಿವೆ. ಬಂದ ಪ್ರವಾಹವನ್ನು ಮೊದಲು ಏಕಮುಖವಾಗಿಸಿ ಸುಮಾರು ೩೨೫ ವೋಲ್ಟಿನಲ್ಲಿ ಧಾರಕವೊಂದರಲ್ಲಿ ಕೂಡಿಡುತ್ತವೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಅಂಗೈಯಗಲದ ಚಿಕ್ಕ ಪರಿವರ್ತಕದ ಮೂಲಕ ದಾಟಿಸಿ, ಮತ್ತೆ ಏಕಮುಖವಾಗಿಸುತ್ತವೆ. ಕಡಿಯುವ ಟ್ರಾನ್ಸಿಸ್ಟರು ಪೂರ್ಣವಾಗಿ ತೆರೆದಿರುತ್ತದೆ, ಇಲ್ಲವೇ ಪೂರ್ಣವಾಗಿ ಮುಚ್ಚಿರುತ್ತದೆ. ಎರಡು ಸ್ಥಿತಿಗಳಲ್ಲಿಯೂ ಅದರಲ್ಲಿ ನಷ್ಟ ಅಲ್ಪ. ಉಳಿಯುವ ನಷ್ಟವೆಲ್ಲ ತೆರೆದು ಮುಚ್ಚುವ ಕ್ಷಣಗಳಲ್ಲಿ, ಡಯೋಡುಗಳಲ್ಲಿ, ಸುರುಳಿಗಳ ತಾಮ್ರದಲ್ಲಿ ಮತ್ತು ಕಾಂತದ ತಿರುಳಿನಲ್ಲಿ ಆಗುವಂಥದು. ಇಲ್ಲಿಯೇ ಒಂದು ಎಚ್ಚರಿಕೆಯ ಮಾತು: ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಆ ಧಾರಕದಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ತು ಕೆಲಕಾಲ ನಿಂತಿರುತ್ತದೆ. ನಾವು ಇಲ್ಲಿ ವಿವರಿಸುವ ಯಾವ ಪರೀಕ್ಷೆಗೂ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯಬೇಕಾಗಿಲ್ಲ. ವಿದ್ಯಾರ್ಥಿಗಳು ತೆಗೆಯಲೂ ಕೂಡದು.

ದಕ್ಷತೆಯೆಂದರೆ ಹೊರಗೆ ಬಂದ ಸಾಮರ್ಥ್ಯವನ್ನು ಒಳಗೆ ಹೋದ ಸಾಮರ್ಥ್ಯದಿಂದ ಭಾಗಿಸಿದ ಫಲ. ಸೂತ್ರ ಸುಲಭ. ಆದರೆ ಒಳಗೆ ಹೋದುದನ್ನು ಅಳೆಯುವುದರಲ್ಲಿಯೇ ಮೊದಲ ತಪ್ಪು ಕಾದಿರುತ್ತದೆ. ವೋಲ್ಟು ಮಾಪಕದಲ್ಲಿ ೨೩೦, ಆಂಪಿಯರ್ ಮಾಪಕದಲ್ಲಿ ೧ ಎಂದು ಕಂಡರೆ ವಿದ್ಯಾರ್ಥಿಯು ೨೩೦ ವ್ಯಾಟೆಂದು ಬರೆದುಕೊಳ್ಳುತ್ತಾನೆ. ಸಾಮಾನ್ಯ ಪೂರಕವು ಪ್ರವಾಹವನ್ನು ಅಲೆಯುದ್ದಕ್ಕೂ ಸಮವಾಗಿ ಎಳೆಯುವುದಿಲ್ಲ. ಧಾರಕವು ಅಲೆಯ ನೆತ್ತಿಯಲ್ಲಿ ಮಾತ್ರ ಬಾಯಿ ತೆರೆದು ಒಂದೊಂದು ಗುಟುಕಾಗಿ ನುಂಗುತ್ತದೆ. ಆದುದರಿಂದ ವೋಲ್ಟು ಆಂಪಿಯರುಗಳ ಗುಣಲಬ್ಧ ೨೩೦ ಆಗಿದ್ದರೂ ನಿಜವಾದ ಸಾಮರ್ಥ್ಯ ೧೫೦ ವ್ಯಾಟು ಮಾತ್ರವಿರಬಹುದು. ಇವೆರಡರ ಅನುಪಾತವೇ, ಎಂದರೆ ಇಲ್ಲಿ ೦.೬೫, ಪವರ್ ಫ್ಯಾಕ್ಟರು. ಇದನ್ನು ತಿದ್ದುವ ಒಂದು ಘಟ್ಟವನ್ನೇ ಒಳಗಿಟ್ಟುಕೊಂಡ ಒಳ್ಳೆಯ ಪೂರಕಗಳಲ್ಲಿ ಅದು ೦.೯೫ನ್ನು ಮೀರುವುದುಂಟು. ಪಠ್ಯಪುಸ್ತಕಗಳಲ್ಲಿ ಪವರ್ ಫ್ಯಾಕ್ಟರನ್ನು ಕೋನವೊಂದರ ಕೊಸೈನೆಂದು ಕಲಿಸುತ್ತೇವೆ; ಇಲ್ಲಿ ಅಲೆಯ ಆಕಾರವೇ ಕೆಟ್ಟಿರುವುದರಿಂದ ಆ ಕೋನದ ಮಾತು ಸಲ್ಲದು. ತರಗತಿಯಲ್ಲಿ ಇದನ್ನು ಒತ್ತಿ ಹೇಳಬೇಕು.

ಹಾಗಾದರೆ ವ್ಯಾಟುಮಾಪಕವೇ ಬೇಕು. ಹಳೆಯ ಕಾಲೇಜುಗಳಲ್ಲಿ ೩೦೦ ವೋಲ್ಟು, ೫ ಆಂಪಿಯರಿನ ಮುಳ್ಳಿನ ವ್ಯಾಟುಮಾಪಕಗಳು ಇವೆ. ಅವುಗಳ ಪೂರ್ಣ ಅಳತೆ ೧೫೦೦ ವ್ಯಾಟು. ಪೂರ್ಣ ಅಳತೆಯ ಶೇಕಡಾ ೧ರಷ್ಟು ತಪ್ಪೆಂದರೆ ೧೫ ವ್ಯಾಟು. ೬೦ ವ್ಯಾಟನ್ನು ಅಳೆಯುವಾಗ ಅದು ಕಾಲುಭಾಗದ ತಪ್ಪು. ಇದರಿಂದ ದಕ್ಷತೆಯನ್ನು ಹೇಳಹೊರಡುವುದು ಬಂಗಾರವನ್ನು ಸೌದೆಯ ತಕ್ಕಡಿಯಲ್ಲಿ ತೂಗಿದಂತೆ. ಕಡಿಮೆ ಪವರ್ ಫ್ಯಾಕ್ಟರಿಗೆಂದೇ ಮಾಡಿದ ಮಾಪಕವೋ, ವಿದ್ಯುನ್ಮಾನ ವ್ಯಾಟುಮಾಪಕವೋ ಇದ್ದರೆ ಸರಿ.

ಎರಡೂ ಇಲ್ಲದ ಕಡೆ ಒಂದು ಉಪಾಯವುಂಟು, ನಮಗೆ ಅದು ಬಹಳ ಹಿಡಿಸಿದೆ. ಗೋಡೆಯ ಮೇಲಿನ ವಿದ್ಯುನ್ಮಾನ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂಬುದು ಮೀಟರಿನ ಮುಖದಲ್ಲಿಯೇ ಬರೆದಿರುತ್ತದೆ. ೩೨೦೦ ಎಂದು ಬರೆದಿದ್ದರೆ, ಒಂದು ಯೂನಿಟ್ಟು ೩೬ ಲಕ್ಷ ಜೂಲುಗಳಾದುದರಿಂದ, ಒಂದು ಮಿನುಗಿಗೆ ೧೧೨೫ ಜೂಲುಗಳಾದುವು. ೧೦೦ ವ್ಯಾಟಿನ ಹೊರೆಗೆ ೧೧.೨೫ ಸೆಕೆಂಡಿಗೊಂದು ಮಿನುಗು. ನೂರು ಮಿನುಗುಗಳಿಗೆ ೧೮ ನಿಮಿಷ ೪೫ ಸೆಕೆಂಡು. ಮನೆಯ ಉಳಿದ ದೀಪಗಳನ್ನೆಲ್ಲ ಆರಿಸಿ, ಕೈಗಡಿಯಾರವನ್ನು ಹಿಡಿದು ನೂರು ಮಿನುಗುಗಳನ್ನು ಎಣಿಸುವ ತಾಳ್ಮೆಯುಳ್ಳವನಿಗೆ ಶೇಕಡಾ ಒಂದರ ಆಚೀಚೆ ನಿಲ್ಲುವ ಫಲ ದೊರೆಯುತ್ತದೆ. ಸಾಸ್ವೆಹಳ್ಳಿಯಂಥ ಊರಿನ ಪ್ರೌಢಶಾಲೆಯ ಹುಡುಗನೂ ಇದನ್ನು ಮಾಡಬಲ್ಲನು.

ಹೊರಗೆ ಬರುವ ಸಾಮರ್ಥ್ಯವನ್ನು ಅಳೆಯಲು ಕಂಪ್ಯೂಟರನ್ನೇ ಹೊರೆಯಾಗಿ ಬಳಸುವುದು ಯುಕ್ತವಲ್ಲ, ಅದರ ಬೇಡಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಪೂರಕವನ್ನು ಬಿಡಿಸಿ ಹೊರತೆಗೆದು, ದೊಡ್ಡ ಕೂಡುಗೊಂಡಿಯಲ್ಲಿರುವ ಹಸಿರು ತಂತಿಯನ್ನು ಒಂದು ಕಪ್ಪು ತಂತಿಗೆ ಸೇರಿಸಿದರೆ ಅದು ಎಚ್ಚರಗೊಳ್ಳುತ್ತದೆ. ಹಳದಿ ತಂತಿಯಲ್ಲಿ ೧೨, ಕೆಂಪಿನಲ್ಲಿ ೫, ಕಿತ್ತಳೆಯಲ್ಲಿ ೩.೩ ವೋಲ್ಟುಗಳು, ಕಪ್ಪು ಎಲ್ಲಕ್ಕೂ ಸಾಮಾನ್ಯ. ಇವಕ್ಕೆ ರೋಧಕಗಳನ್ನು ಹೊರಿಸಬೇಕು. ೧೨ ವೋಲ್ಟಿಗೆ ೧.೫ ಓಮಿನ ರೋಧಕವು ೮ ಆಂಪಿಯರನ್ನು ಎಳೆಯುತ್ತದೆ. ಒಲೆಯ ನೈಕ್ರೋಮ್ ತಂತಿಯನ್ನು ಅಳೆದು ಕತ್ತರಿಸಿಕೊಂಡರೆ ಸಾಕು; ಬಿಸಿಯಾದರೂ ಅದರ ರೋಧ ಹೆಚ್ಚು ಬದಲಾಗದು. ಮೋಟಾರು ಕಾರಿನ ದೀಪಗಳನ್ನು ಹೊರೆಯಾಗಿ ಹಾಕುವವರುಂಟು. ತಣ್ಣಗಿರುವಾಗ ಆ ದೀಪದ ರೋಧ ಬಹಳ ಕಡಿಮೆಯಾದುದರಿಂದ ಹಚ್ಚಿದ ಕ್ಷಣದಲ್ಲಿ ಪ್ರವಾಹವು ಒಮ್ಮೆಗೆ ಉಕ್ಕಿ, ಪೂರಕವು ತನ್ನನ್ನು ತಾನೇ ರಕ್ಷಿಸಿಕೊಳ್ಳಲು ನಿಂತುಬಿಡಬಹುದು. ಆಗ ಪೂರಕವೇ ಕೆಟ್ಟಿದೆಯೆಂದು ಎಣಿಸಬಾರದು.

ವೋಲ್ಟನ್ನು ಎಲ್ಲಿ ಅಳೆಯಬೇಕೆಂಬುದೂ ಮುಖ್ಯ. ೮ ಆಂಪಿಯರು ಹರಿಯುವ ತಂತಿಯ ರೋಧ ೦.೦೨ ಓಮಿದ್ದರೆ ದಾರಿಯಲ್ಲಿಯೇ ೦.೧೬ ವೋಲ್ಟು, ಅಂದರೆ ೧.೨೮ ವ್ಯಾಟು ಕಳೆದುಹೋಗುತ್ತದೆ. ಹೊರೆಯ ತುದಿಯಲ್ಲಿ ಅಳೆದವನು ಅದನ್ನು ಪೂರಕದ ತಲೆಗೆ ಕಟ್ಟುತ್ತಾನೆ. ಪೂರಕದ್ದೇ ಆದ ಕೂಡುಗೊಂಡಿಯ ಮೊಳೆಗಳಲ್ಲಿ, ಪ್ರವಾಹ ಹರಿಯದ ಬೇರೆ ತೆಳುತಂತಿಗಳಿಂದ ಅಳೆಯುವುದೇ ಸರಿಯಾದ ಕ್ರಮ. ಪೊಟೆನ್ಷಿಯೊಮೀಟರಿನ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ೧೨ ವೋಲ್ಟಿನ ದಾರಿಯಲ್ಲಿ ೧೧.೯೪ ವೋಲ್ಟು, ೮ ಆಂಪಿಯರು. ೫ರ ದಾರಿಯಲ್ಲಿ ೫.೦೩ ವೋಲ್ಟು, ೪ ಆಂಪಿಯರು, ೩.೩ರ ದಾರಿಯಲ್ಲಿ ೩.೩೧ ವೋಲ್ಟು, ೩ ಆಂಪಿಯರು. ಮೂರನ್ನೂ ಕೂಡಿದರೆ ೧೨೫.೬ ವ್ಯಾಟು. ಒಳಗೆ ಹೋದುದು ೧೫೦ ವ್ಯಾಟಾಗಿದ್ದರೆ ದಕ್ಷತೆ ಶೇಕಡಾ ೮೩.೭. (ಪವರ್ ಫ್ಯಾಕ್ಟರನ್ನು ಮರೆತು ೨೩೦ರಿಂದ ಭಾಗಿಸಿದವನಿಗೆ ಶೇಕಡಾ ೫೫ ಬಂದು, ಒಳ್ಳೆಯ ಪೂರಕವೊಂದು ಅನ್ಯಾಯವಾಗಿ ಕಸಕ್ಕೆ ಹೋಗುತ್ತದೆ.) ಒಳಗಿನ ಅಳತೆಯಲ್ಲಿ ಶೇಕಡಾ ೧, ಹೊರಗಿನ ಅಳತೆಯಲ್ಲಿ ಶೇಕಡಾ ೧ ಅನಿಶ್ಚಯವಿದ್ದರೆ ಫಲದಲ್ಲಿ ಸುಮಾರು ಶೇಕಡಾ ೧.೪ರಷ್ಟು, ಅಂದರೆ ೮೩.೭ರ ಆಚೀಚೆ ೧.೨ರಷ್ಟು ಅನಿಶ್ಚಯವಿದೆ. ಇಂಥ ಸಲಕರಣೆಯಿಂದ ಎರಡು ಪೂರಕಗಳ ನಡುವಣ ಒಂದಂಶದ ಅಂತರವನ್ನು ಎತ್ತಿ ತೋರಿಸುವುದು ಸಾಧ್ಯವಿಲ್ಲ. ಆರಂಶದ ಅಂತರವನ್ನು ಧೈರ್ಯವಾಗಿ ಹೇಳಬಹುದು.

ಈಗ ಅದೇ ಹೊರೆಯನ್ನು ಶೇಕಡಾ ೯೦ ದಕ್ಷತೆಯ ಪೂರಕವೊಂದು ಹೊತ್ತಿತೆಂದು ಭಾವಿಸೋಣ. ಒಳಗೆ ಹೋಗುವುದು ೧೩೯.೫ ವ್ಯಾಟು. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ನಡೆಸಿದರೆ ಉಳಿತಾಯ ಸುಮಾರು ೨೫ ಯೂನಿಟ್ಟು. ಬಿಲ್ಲಿನ ಲೆಕ್ಕದಲ್ಲಿ ಇದು ಅಲ್ಪವೇ ಸರಿ. ದುಬಾರಿ ಪೂರಕವನ್ನು ಮಾರುವವರು ಈ ಉಳಿತಾಯವನ್ನು ಮುಂದೊಡ್ಡುವಾಗ ನಮಗೆ ಸಂಕೋಚವಾಗುತ್ತದೆ. ನೋಡಬೇಕಾದುದು ನಷ್ಟವನ್ನು. ಮೊದಲನೆಯ ಪೆಟ್ಟಿಗೆಯೊಳಗೆ ೨೪.೪ ವ್ಯಾಟು ಬಿಸಿಯಾಗಿ ನಿಲ್ಲುತ್ತದೆ, ಎರಡನೆಯದರಲ್ಲಿ ೧೪. ದಕ್ಷತೆಯು ೮೪ರಿಂದ ೯೦ಕ್ಕೆ ಏರಿದುದು ಹದಿನಾಲ್ಕರಲ್ಲೊಂದು ಪಾಲಿನ ಏರಿಕೆಯೆಂದು ತೋರಿದರೂ, ಬಿಸಿಯು ಇಳಿದುದು ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಆ ಬಿಸಿಯನ್ನು ಹೊರಹಾಕಲೆಂದೇ ಫ್ಯಾನಿರುವುದು, ಫ್ಯಾನಿನಿಂದಲೇ ಸದ್ದು. ದಕ್ಷತೆ ಮತ್ತು ಸದ್ದುಗಳನ್ನು ಒಂದೇ ಲೇಖನದಲ್ಲಿ ಕೂಡಿಸಿರುವುದಕ್ಕೆ ಇದೇ ಕಾರಣ.

ಆ ಎಣಿಕೆಗೆ ಹೋಗುವ ಮೊದಲು ಹಣೆಪಟ್ಟಿಯ ಮಾತನ್ನು ಮುಗಿಸಬೇಕು. ಪೂರಕಗಳ ಮೇಲೆ ಕಾಣುವ ‘೮೦ ಪ್ಲಸ್’ ಎಂಬ ಗುರುತು ೨೦೦೪ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಪೂರ್ಣ ಹೊರೆಯ ಶೇಕಡಾ ೨೦, ೫೦ ಮತ್ತು ೧೦೦ರಲ್ಲಿ ದಕ್ಷತೆಯು ೮೦ಕ್ಕೆ ಕಡಿಮೆಯಿರಕೂಡದೆಂಬುದು ಅದರ ಮೂಲ ನಿಯಮ. ಮುಂದೆ ಕಂಚು, ಬೆಳ್ಳಿ, ಚಿನ್ನ ಮೊದಲಾದ ದರ್ಜೆಗಳು ಬಂದುವು. ೧೧೫ ವೋಲ್ಟಿನ ಪರೀಕ್ಷೆಯಲ್ಲಿ ಚಿನ್ನದ ದರ್ಜೆಗೆ ಆ ಮೂರು ಹೊರೆಗಳಲ್ಲಿ ೮೭, ೯೦, ೮೭ ಬೇಕು. ೨೩೦ ವೋಲ್ಟಿಗೆ ಬೇರೆ ಪಟ್ಟಿಯಿದೆ. ಪರೀಕ್ಷೆಯ ಕೊಠಡಿಯ ಉಷ್ಣತೆ ಸುಮಾರು ೨೩ ಡಿಗ್ರಿ. ಈಗ ಕಚೇರಿಯ ಕಂಪ್ಯೂಟರನ್ನು ನೋಡಿ. ಬೆರಳಚ್ಚು, ಪಹಣಿಯ ಮುದ್ರಣಗಳಂಥ ಕೆಲಸದಲ್ಲಿ ಅದಕ್ಕೆ ಬೇಕಾಗುವುದು ಐವತ್ತು ವ್ಯಾಟಿನ ಆಸುಪಾಸು. ಆದರೆ ಅಂಗಡಿಯವನು ಕೊಟ್ಟಿರುವುದು ೪೫೦ ವ್ಯಾಟಿನ ಪೂರಕ. ಹೊರೆ ಶೇಕಡಾ ೧೧. ಗುರುತು ಪರೀಕ್ಷಿಸುವ ಅತಿ ಕೆಳಗಿನ ಮೆಟ್ಟಿಲಿಗೂ ಇದು ಕೆಳಗೆ. ಅತ್ಯುಚ್ಚವಾದ ಟೈಟಾನಿಯಂ ದರ್ಜೆಯೊಂದರಲ್ಲಿ ಮಾತ್ರ ಶೇಕಡಾ ೧೦ರ ಹೊರೆಯ ಪರೀಕ್ಷೆಯಿದೆ.

ಸಣ್ಣ ಹೊರೆಯಲ್ಲಿ ದಕ್ಷತೆ ಏಕೆ ಕುಗ್ಗುತ್ತದೆಂಬುದು ಪರಿವರ್ತಕದ ಪಾಠವನ್ನು ಓದಿದವರಿಗೆ ಪರಿಚಿತವಾದ ಲೆಕ್ಕ. ನಷ್ಟದಲ್ಲಿ ಮೂರು ಪಾಲುಗಳು: ಹೊರೆಯಿರಲಿ ಬಿಡಲಿ ಇದ್ದೇ ಇರುವ ಸ್ಥಿರನಷ್ಟ, ಹೊರೆಯೊಡನೆ ಸಮವಾಗಿ ಬೆಳೆಯುವ ಡಯೋಡಿನ ನಷ್ಟ, ಹೊರೆಯ ವರ್ಗದೊಡನೆ ಬೆಳೆಯುವ ತಾಮ್ರದ ನಷ್ಟ. ಸ್ಥಿರನಷ್ಟ ೧೦ ವ್ಯಾಟು, ಎರಡನೆಯದು ಹೊರೆಯ ಶೇಕಡಾ ೬, ಮೂರನೆಯದು ಹೊರೆಯ ವರ್ಗದ ೦.೦೦೦೧೨ ಪಾಲು ಎಂದಿಟ್ಟುಕೊಂಡರೆ, ೪೫೦ ವ್ಯಾಟಿನಲ್ಲಿ ದಕ್ಷತೆ ೮೮, ೨೨೫ರಲ್ಲಿ ೮೮.೪, ೫೦ರಲ್ಲಿ ೭೯. ಸ್ಥಿರನಷ್ಟವೂ ತಾಮ್ರದ ನಷ್ಟವೂ ಸಮವಾಗುವ ಹೊರೆಯಲ್ಲಿ, ಇಲ್ಲಿ ಸುಮಾರು ೨೮೯ ವ್ಯಾಟಿನಲ್ಲಿ, ದಕ್ಷತೆ ಗರಿಷ್ಠ. ಇವು ನಾವು ಕಲ್ಪಿಸಿದ ಸಂಖ್ಯೆಗಳು. ಆದರೆ ವಕ್ರರೇಖೆಯ ರೂಪ ನಿಜ. ಮೂರು ಹೊರೆಗಳಲ್ಲಿ ಅಳೆದರೆ ಮೂರು ಅಜ್ಞಾತಗಳೂ ಸಿಕ್ಕುತ್ತವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೊಡ್ಡ ಅಂಕೆಯ ಪೂರಕವೇ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಒಂದು ಮೂಟೆ ಬತ್ತ ಸಾಗಿಸಲು ಲಾರಿಯನ್ನು ಹೂಡುವ ಬುದ್ಧಿ ಇದು.

ವೋಲ್ಟೇಜಿನ ಮಾತಿಗೆ ಬರೋಣ. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳು ಮನೆಗೆ ಬರುವ ವೋಲ್ಟೇಜು ಘೋಷಿತ ಬೆಲೆಯಿಂದ ಶೇಕಡಾ ೬ಕ್ಕಿಂತ ಹೆಚ್ಚು ಸರಿಯಬಾರದೆಂದು ವಿಧಿಸಿದ್ದುವು. ೨೩೦ಕ್ಕೆ ಅನ್ವಯಿಸಿದರೆ ಅದು ೨೧೬ರಿಂದ ೨೪೪ರವರೆಗೆ. ನೀರಾವರಿಯ ಸೀಮೆಯಲ್ಲಿ, ಉದ್ದನೆಯ ಮಾರ್ಗದ ತುದಿಯಲ್ಲಿ, ಪಂಪುಸೆಟ್ಟುಗಳು ಒಟ್ಟಿಗೆ ಹೊರಟ ಹೊತ್ತಿನಲ್ಲಿ ದೀಪವು ಮಂಕಾಗುವುದನ್ನು ಕಂಡವರಿಗೆ ಈ ಮಿತಿ ಕಾಗದದ ಮೇಲೆ ಮಾತ್ರ ನಿಲ್ಲುವ ಸಂದರ್ಭಗಳುಂಟೆಂದು ಹೇಳಬೇಕಾಗಿಲ್ಲ. ಪಂಪುಗಳ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸುವ ‘ನಿರಂತರ ಜ್ಯೋತಿ’ ಯೋಜನೆಯು ಈ ತೊಂದರೆಯನ್ನು ತಗ್ಗಿಸಲೆಂದೇ ಬಂದಿತು. ವೋಲ್ಟೇಜು ಇಳಿದಾಗ ತಂತಿಯ ದೀಪ ಕಡಿಮೆ ಉಣ್ಣುತ್ತದೆ. ವಿದ್ಯುತ್ ಪೂರಕವು ಹಾಗಲ್ಲ. ಅದು ಹೊರಗೆ ಅಷ್ಟೇ ಕೊಡಬೇಕಾದುದರಿಂದ ಒಳಗೆ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ೨೩೦ರಿಂದ ೧೮೦ಕ್ಕೆ ಇಳಿದರೆ ಪ್ರವಾಹ ೧.೨೮ ಪಾಲು, ಒಳಗಡೆಯ ತಾಮ್ರದ ನಷ್ಟ ಅದರ ವರ್ಗ, ಅಂದರೆ ೧.೬೩ ಪಾಲು. ಹೀಗೆ ಬಡಕಲಾದ ಮಾರ್ಗವನ್ನು ಅದು ಇನ್ನಷ್ಟು ಹಿಂಡುತ್ತದೆ. ಆದುದರಿಂದ ದಕ್ಷತೆಯ ಪರೀಕ್ಷೆಯನ್ನು ವೇರಿಯಾಕ್ ಎಂಬ ಹೊಂದಿಕೆಯ ಪರಿವರ್ತಕದ ಮೂಲಕ ೧೮೦, ೨೦೦, ೨೩೦, ೨೫೦ ವೋಲ್ಟುಗಳಲ್ಲಿ ಬೇರೆಬೇರೆಯಾಗಿ ಮಾಡತಕ್ಕದ್ದು. ಹಣೆಪಟ್ಟಿಯಲ್ಲಿ ಬರೆದಿರುವ ವೋಲ್ಟಿನ ವ್ಯಾಪ್ತಿಯನ್ನು ಮಾತ್ರ ಮೀರಬಾರದು.

ಇನ್ನು ಸೆಕೆ ಮತ್ತು ಸದ್ದು. ಪೂರಕದಿಂದ ಹೊರಬೀಳುವ ಗಾಳಿಯ ಉಷ್ಣತೆ ೫೦ ಡಿಗ್ರಿ ಮೀರಕೂಡದೆಂದು ಕಟ್ಟುಮಾಡಿಕೊಳ್ಳೋಣ. ಒಂದು ಘನ ಮೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೧೨೦೦ ಜೂಲು ಬೇಕು. ೨೩ ಡಿಗ್ರಿಯ ಪ್ರಯೋಗಶಾಲೆಯಲ್ಲಿ ೨೭ ಡಿಗ್ರಿ ಏರಲು ಅವಕಾಶವಿರುವುದರಿಂದ ೨೪.೪ ವ್ಯಾಟನ್ನು ಹೊರಹಾಕಲು ಸೆಕೆಂಡಿಗೆ ೦.೭೫ ಲೀಟರು ಗಾಳಿ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೆಂಚಿನ ಮಾಡಿನ ಕೊಠಡಿಯಲ್ಲಿ ಉಷ್ಣತೆ ೩೬ ಡಿಗ್ರಿಯಿದ್ದರೆ ಏರಲು ಉಳಿಯುವುದು ೧೪ ಡಿಗ್ರಿ ಮಾತ್ರ, ಗಾಳಿ ೧.೪೫ ಲೀಟರು ಬೇಕು. ನಿಜವಾದ ಫ್ಯಾನು ಇದರ ಎಷ್ಟೋ ಪಾಲು ಗಾಳಿಯನ್ನು ತಳ್ಳುತ್ತದೆ, ಏಕೆಂದರೆ ಹೆಚ್ಚಿನ ಗಾಳಿ ಬಿಸಿಯಾದ ಅಂಗಗಳನ್ನು ಮುಟ್ಟದೆ ಹಾದುಹೋಗುತ್ತದೆ. ನಮಗೆ ಬೇಕಾದುದು ಅನುಪಾತ. ಫ್ಯಾನಿನ ವೇಗ ಸುಮಾರು ೧.೯೩ ಪಾಲಾಗಬೇಕು. ಫ್ಯಾನುಗಳ ಸದ್ದಿಗೆ ತಂತ್ರಜ್ಞರು ಬಳಸುವ ಒಂದು ಸ್ಥೂಲನಿಯಮದಂತೆ, ವೇಗವು ಇಮ್ಮಡಿಯಾದರೆ ಸದ್ದು ೧೫ ಡೆಸಿಬೆಲ್ ಏರುತ್ತದೆ. ಆ ಲೆಕ್ಕದಲ್ಲಿ ಇಲ್ಲಿ ಏರಿಕೆ ೧೪ ಡೆಸಿಬೆಲ್. ಕಿವಿಗೆ ಹತ್ತು ಡೆಸಿಬೆಲ್ ಏರಿಕೆಯೇ ಇಮ್ಮಡಿ ಗಟ್ಟಿಯಾದಂತೆ ತೋರುವುದರಿಂದ ಇದು ಸಾಮಾನ್ಯವಾದ ಅಂತರವಲ್ಲ. ಈಗ ೧೪ ವ್ಯಾಟು ನಷ್ಟದ ಪೂರಕವನ್ನು ಅದೇ ಸೆಕೆಯಲ್ಲಿಡಿ. ಅದಕ್ಕೆ ಬೇಕಾದ ಗಾಳಿ ೦.೮೩ ಲೀಟರು, ಮೊದಲಿನದಕ್ಕೆ ತಂಪು ಪ್ರಯೋಗಶಾಲೆಯಲ್ಲಿ ಬೇಕಾಗಿದ್ದುದಕ್ಕೆ ಬಹುಮಟ್ಟಿಗೆ ಸಮ. ದಕ್ಷತೆಯ ಆರಂಶವು ಹದಿಮೂರು ಡಿಗ್ರಿ ಸೆಕೆಯನ್ನು ನುಂಗಿಕೊಂಡಿತೆಂದಾಯಿತು. ಬಿಲ್ಲಿನಲ್ಲಿ ಕಾಣದ ಲಾಭ ಇಲ್ಲಿ ಕಿವಿಗೆ ಕೇಳಿಸುತ್ತದೆ.

ಸದ್ದನ್ನು ಅಳೆಯುವುದು ದಕ್ಷತೆಯನ್ನು ಅಳೆಯುವುದಕ್ಕಿಂತ ಕಷ್ಟ. ಪ್ರತಿಧ್ವನಿಯಿಲ್ಲದ ಕೊಠಡಿ ನಮ್ಮ ಕಾಲೇಜುಗಳಲ್ಲಿ ಇರುವುದಿಲ್ಲ. ಆದರೆ ಹಳ್ಳಿಗೆ ಒಂದು ಅನುಕೂಲವುಂಟು: ಬೇಸಗೆಯ ನಡುರಾತ್ರಿಯ ಮೌನ. ಪೂರಕವನ್ನು ಆರಿಸಿ ಹಿನ್ನೆಲೆಯ ಸದ್ದನ್ನು ಅಳೆಯಬೇಕು. ಹಚ್ಚಿ ಒಟ್ಟು ಸದ್ದನ್ನು ಅಳೆಯಬೇಕು. ಡೆಸಿಬೆಲುಗಳನ್ನು ನೇರವಾಗಿ ಕಳೆಯಬಾರದು. ಶಕ್ತಿಗೆ ಮಾರ್ಪಡಿಸಿ ಕಳೆದು ಮತ್ತೆ ಡೆಸಿಬೆಲಿಗೆ ತರಬೇಕು. ಒಟ್ಟು ೪೨, ಹಿನ್ನೆಲೆ ೩೮ ಇದ್ದರೆ ಪೂರಕದ ಪಾಲು ೪ ಅಲ್ಲ, ೩೯.೮. ಅಂತರವು ಮೂರಕ್ಕಿಂತ ಕಡಿಮೆಯಾದರೆ ಆ ಅಳತೆಯನ್ನು ಬಿಟ್ಟುಬಿಡುವುದೇ ಪ್ರಾಮಾಣಿಕತೆ. ಹತ್ತನ್ನು ಮೀರಿದರೆ ತಿದ್ದುವ ಅವಶ್ಯಕತೆಯಿಲ್ಲ. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಇಟ್ಟುಕೊಳ್ಳಬಾರದು. ಗದ್ದೆಯ ಕಪ್ಪೆಗಳ ಎದುರು ಯಾವ ಫ್ಯಾನೂ ಕೇಳಿಸದು.

ಮಾಪಕವನ್ನು ಒಂದು ಮೀಟರು ದೂರದಲ್ಲಿಟ್ಟು, ಆ ದೂರವನ್ನು ವರದಿಯಲ್ಲಿ ಬರೆಯಬೇಕು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಆರು ಡೆಸಿಬೆಲ್ ಇಳಿಯುತ್ತದೆ. ಕೊಠಡಿಯಲ್ಲಿ ಗೋಡೆಗಳು ಸದ್ದನ್ನು ಮರಳಿಸುವುದರಿಂದ ಅಷ್ಟು ಇಳಿಯದು. ಆದುದರಿಂದ ಬೇರೆಬೇರೆ ಕೊಠಡಿಗಳಲ್ಲಿ ಅಳೆದ ಅಂಕೆಗಳನ್ನು ಹೋಲಿಸುವುದು ಸಲ್ಲದು. ಪೂರಕವನ್ನು ಬರಿಯ ಮೇಜಿನ ಮೇಲಿಟ್ಟರೆ ಹಲಗೆಯೂ ಅದರೊಡನೆ ನುಡಿಯುತ್ತದೆ. ಶ್ರುತಿಕವೆಯ ಹಿಡಿಯನ್ನು ಮೇಜಿಗೆ ಒತ್ತಿದಾಗ ಆಗುವುದೂ ಇದೇ. ಕಂಬಳಿಯ ನಾಲ್ಕು ಮಡಿಕೆಗಳನ್ನು ಹಾಸಿದರೆ ಸಾಕು. ಹೊರೆಯ ರೋಧಕಗಳನ್ನು ತಣಿಸಲು ಇನ್ನೊಂದು ಫ್ಯಾನನ್ನು ಹಚ್ಚಿ ಸದ್ದನ್ನು ಅಳೆಯುವವರನ್ನು ಕಂಡಿದ್ದೇವೆ. ಅವರು ಅಳೆದುದು ಯಾವ ಫ್ಯಾನನ್ನೆಂದು ಅವರೇ ಹೇಳಲಾರರು. ದಪ್ಪ ತಂತಿಗಳಿಂದ ಹೊರೆಯನ್ನು ಕಿಟಕಿಯ ಆಚೆಗೆ ಕೊಂಡೊಯ್ಯುವುದು ಒಳ್ಳೆಯದು. ಕೈಯಲ್ಲಿರುವ ದೂರವಾಣಿಯನ್ನೇ ಮಾಪಕವಾಗಿ ಬಳಸುವ ಪದ್ಧತಿ ಈಗ ಬಂದಿದೆ. ಒಂದೇ ಯಂತ್ರದಿಂದ ಎರಡು ಪೂರಕಗಳನ್ನು ಹೋಲಿಸಲು ಅದು ಆದೀತು. ನಿರಪೇಕ್ಷವಾದ ಅಂಕೆಗೆ ಆಗದು, ಮೆಲ್ಲನೆಯ ಸದ್ದಿನಲ್ಲಿ ಅದರ ಮೈಕಿನ ಸ್ವಂತ ಗದ್ದಲವೇ ಮೇಲಾಗುತ್ತದೆ.

ಒಂದೇ ಅಂಕೆಯಿಂದ ಸದ್ದಿನ 'ಗುಣ' ತಿಳಿಯುವುದಿಲ್ಲವೆಂಬುದನ್ನೂ ಹೇಳಬೇಕು. ಏಳು ಅಲಗಿನ ಫ್ಯಾನು ನಿಮಿಷಕ್ಕೆ ೧೫೦೦ ಸುತ್ತು ಸುತ್ತಿದರೆ ೧೭೫ ಹರ್ಟ್ಸಿನ ಒಂದು ಸ್ವರ ಹೊರಡುತ್ತದೆ. ಕಿವಿ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಸುರುಳಿಗಳ ಸಣ್ಣ ಕೀರಲು ಹಾಗಲ್ಲ. ಪೂರಕವು ಪ್ರವಾಹವನ್ನು ಕಡಿಯುವ ವೇಗ ಕಿವಿಯ ಎಟುಕಿಗೆ ಮೀರಿದ್ದಾದರೂ, ಹೊರೆ ತೀರ ಸಣ್ಣದಾದಾಗ ಕೆಲವು ಪೂರಕಗಳು ಬಿಟ್ಟುಬಿಟ್ಟು ಕೆಲಸಮಾಡುತ್ತವೆ. ಆ ಬಿಟ್ಟುಬಿಡುವ ಲಯ ಕಿವಿಯ ವ್ಯಾಪ್ತಿಗೆ ಇಳಿದಾಗ ಸುರುಳಿಯೂ ತಿರುಳೂ ಅದಕ್ಕೆ ತಕ್ಕಂತೆ ನಡುಗಿ ಕೀರುತ್ತವೆ. ದೊಡ್ಡ ಪೂರಕ, ಸಣ್ಣ ಹೊರೆ ಎಂಬ ಜೋಡಿಯಿಂದ ಆಗುವ ಎರಡನೆಯ ಹಾನಿ ಇದು.

ಕಿವಿಗೆ ಕೇಳಿಸದ ಇನ್ನೊಂದು ಗದ್ದಲವುಂಟು. ೧೨ ವೋಲ್ಟೆಂಬುದು ಸಮತಟ್ಟಾದ ರೇಖೆಯಲ್ಲ. ಅದರ ಮೇಲೆ ಸಣ್ಣ ಅಲೆಗಳು ಕುಣಿಯುತ್ತಿರುತ್ತವೆ. ಕಂಪ್ಯೂಟರಿನ ಪೂರಕಗಳ ಎಟಿಎಕ್ಸ್ ಎಂಬ ಮಾನದಂಡವು, ೧೨ ವೋಲ್ಟಿನಲ್ಲಿ ಈ ಅಲೆ ತುದಿಯಿಂದ ತುದಿಗೆ ೧೨೦ ಮಿಲಿವೋಲ್ಟನ್ನೂ, ೫ ಮತ್ತು ೩.೩ರಲ್ಲಿ ೫೦ ಮಿಲಿವೋಲ್ಟನ್ನೂ ಮೀರಬಾರದೆನ್ನುತ್ತದೆ. ಅಳೆಯುವ ಸ್ಥಳದಲ್ಲಿ ೧೦ ಮೈಕ್ರೊಫ್ಯಾರಡಿನ ಒಂದು ಧಾರಕವನ್ನೂ ೦.೧ ಮೈಕ್ರೊಫ್ಯಾರಡಿನ ಇನ್ನೊಂದನ್ನೂ ಸೇರಿಸಿ, ಆಸಿಲೊಸ್ಕೋಪನ್ನು ೨೦ ಮೆಗಾಹರ್ಟ್ಸಿಗೆ ಮಿತಿಗೊಳಿಸಿ ಅಳೆಯಬೇಕೆಂಬುದು ಕ್ರಮ. ನಾವು ಮೊದಲ ಸಲ ಅಳೆದಾಗ ಅಲೆಯು ಮಿತಿಯನ್ನು ಬಹಳ ಮೀರಿತ್ತು. ಪೂರಕವನ್ನು ದೂಷಿಸಿ ಟಿಪ್ಪಣಿಯನ್ನೂ ಬರೆದಿದ್ದೆವು. ತರುವಾಯ ನೋಡಿದರೆ ತಪ್ಪು ನಮ್ಮದು. ಆಸಿಲೊಸ್ಕೋಪಿನ ಭೂಸಂಪರ್ಕದ ತಂತಿ ಗೇಣುದ್ದವಿದ್ದು, ಅದು ಒಂದು ಕುಣಿಕೆಯಾಗಿ ಸುತ್ತಣ ಕಾಂತಕ್ಷೇತ್ರವನ್ನೆಲ್ಲ ಹಿಡಿಯುತ್ತಿತ್ತು. ಆ ತಂತಿಯ ತುದಿಯನ್ನೂ ಶೋಧಕದ ಮೊನೆಯನ್ನೂ ಒಂದೇ ಬಿಂದುವಿಗೆ ಮುಟ್ಟಿಸಿ ನೋಡುವುದು ಒಳ್ಳೆಯ ಪರೀಕ್ಷೆ; ಆಗಲೂ ಅಲೆ ಕಂಡರೆ ಅದು ಪೂರಕದ್ದಲ್ಲ.

ಸದ್ದನ್ನು ಕಡಿಮೆಮಾಡಬೇಕೆಂಬ ಆಸೆಗೆ ಒಂದು ಬೆಲೆಯಿದೆ. ಫ್ಯಾನನ್ನು ನಿಧಾನಗೊಳಿಸಿದರೆ ಸದ್ದೇನೋ ಇಳಿಯುತ್ತದೆ. ಒಳಗಿನ ಉಷ್ಣತೆ ಏರುತ್ತದೆ. ಒಳಗಿರುವ ವಿದ್ಯುದ್ವಿಶ್ಲೇಷಕ ಧಾರಕಗಳ ಆಯಸ್ಸು ಹತ್ತು ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆಂಬುದು ತಯಾರಕರು ಒಪ್ಪಿದ ಎಣಿಕೆ. ಧಾರಕವು ಒಣಗಿದಂತೆ ಮೇಲೆ ಹೇಳಿದ ಅಲೆಯು ದೊಡ್ಡದಾಗುತ್ತದೆ, ಕಡೆಗೊಂದು ದಿನ ಯಂತ್ರವು ಕಾರಣವಿಲ್ಲದೆ ನಿಂತು ಮತ್ತೆ ಹೊರಡಲಾರಂಭಿಸುತ್ತದೆ. ಮೌನವಾಗಿರುವ ಪೂರಕವೆಲ್ಲ ಒಳ್ಳೆಯದಲ್ಲ. ಮೌನವು ಕಡಿಮೆ ನಷ್ಟದಿಂದ ಬಂದುದೋ, ನಿಧಾನವಾದ ಫ್ಯಾನಿನಿಂದ ಬಂದುದೋ ಎಂಬುದನ್ನು ಅರಿಯಲು ಸದ್ದಿನ ಅಂಕೆಯ ಪಕ್ಕದಲ್ಲಿ ಹೊರಬೀಳುವ ಗಾಳಿಯ ಉಷ್ಣತೆಯನ್ನು ಬರೆಯಬೇಕು. ಇದನ್ನು ಬಿಟ್ಟ ವರದಿ ನಮ್ಮ ದೃಷ್ಟಿಯಲ್ಲಿ ಅಪೂರ್ಣ.

ಆದುದರಿಂದ ನಮ್ಮ ವಿದ್ಯಾರ್ಥಿಗಳ ದಾಖಲೆಯ ಪುಟದಲ್ಲಿ ಪ್ರತಿಯೊಂದು ಸಾಲಿಗೂ ಹೊರೆ, ಒಳಗಿನ ವೋಲ್ಟೇಜು, ವ್ಯಾಟು, ಕೊಠಡಿಯ ಉಷ್ಣತೆ, ಹೊರಬೀಳುವ ಗಾಳಿಯ ಉಷ್ಣತೆ, ಹಿನ್ನೆಲೆಯ ಸದ್ದು, ಒಟ್ಟು ಸದ್ದು, ಮಾಪಕದ ದೂರ ಇವಿಷ್ಟಕ್ಕೂ ಮನೆಗಳನ್ನು ಹಾಕಿಸಿದ್ದೇವೆ. ಹೊರೆ ಹಾಕಿದ ಕೂಡಲೇ ಅಳೆಯಬಾರದು. ಹೊರಬೀಳುವ ಗಾಳಿಯ ಉಷ್ಣತೆಯು ಹತ್ತು ನಿಮಿಷಗಳವರೆಗೆ ಬದಲಾಗದೆ ನಿಂತ ಮೇಲೆ ಅಳೆಯಬೇಕು. ಒಂದು ಮನೆ ಕೊನೆಯಲ್ಲಿ ಬಾಕಿಯಿದೆ: ದೂಳು. ಸುಗ್ಗಿಯಲ್ಲಿ ಬತ್ತದ ಹೊಟ್ಟು ಹಾರುವ ಊರಿನಲ್ಲಿ ಪೂರಕದ ಜಾಲರಿ ಕೆಲವೇ ವಾರಗಳಲ್ಲಿ ಮುಚ್ಚಿಹೋಗಬಲ್ಲುದು. ಕಾಲೇಜಿನಲ್ಲಿ ಹೊಸದಾಗಿ ಅಳೆದ ಅದೇ ಪೂರಕವನ್ನು ಸುಗ್ಗಿ ಮುಗಿದ ಬಳಿಕ ಒರೆಸದೆ ತರಿಸಿ ಎರಡನೆಯ ಸಲ ಅಳೆಯಬೇಕು. ಆಮೇಲೆ, ಮುಚ್ಚಳವನ್ನು ತೆಗೆಯದೆ, ಫ್ಯಾನಿನ ಅಲಗು ತಿರುಗದಂತೆ ಕಡ್ಡಿಯಿಂದ ಹಿಡಿದು ಹೊರಗಿನಿಂದ ಊದಿ ದೂಳನ್ನು ತೆಗೆದು, ಮೂರನೆಯ ಸಲ.